ಒಳಗೆಳೆದ ಉಸಿರಿನಲ್ಲೇ ಹಾಡು

ಹಾಡುವವರಿಗೆ ಉಸಿರೆಳೆದುಕೊಳ್ಳುವ ಹೊತ್ತು ಹಾಡಿನ ಲೆಕ್ಕಕ್ಕೆ ಸೇರುವುದಿಲ್ಲ. ಭಾವಗೀತೆಯಾಗಲಿ ದೇವರನಾಮವಾಗಲಿ, ಸಾಲು ಮುಗಿದೊಡನೆ ಸದ್ದಾಗದಂತೆ ಗಾಳಿ ತುಂಬಿಕೊಳ್ಳಬೇಕು. ಮೈಕಿಗೆ ಅದು ಕೇಳಿಸಬಾರದು, ಪದ ಒಡೆಯಬಾರದು. ಸಂಗೀತದ ಪಾಠಕ್ಕೆ ಕುಳಿತಾಗಿನಿಂದ ನಾನು ರೂಢಿಸಿಕೊಂಡದ್ದು ಇದನ್ನೇ: ಉಸಿರು ಹೊರಗೆ ಹೋಗುವಾಗ ಹಾಡು, ಒಳಗೆ ಬರುವಾಗ ಮೌನ. ಮುಂದೆ ಗಿಟಾರ್ ಹಿಡಿದಾಗಲೂ ಈ ನಿಯಮ ಅಲುಗಾಡಲಿಲ್ಲ. ಬೆರಳು ತನ್ನ ಪಾಡಿಗೆ ತಂತಿಯ ಮೇಲಿರುತ್ತದೆ, ಉಸಿರಿನ ಹಂಗು ಅದಕ್ಕಿಲ್ಲ. ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯಾದ ಬ್ಲೂಸ್‌ಗೆ ಒದಗುವ ಹಾರ್ಮೋನಿಕಾ, ಅಂದರೆ ಮೌತ್ ಆರ್ಗನ್, ಕಲಿಯತೊಡಗಿದ ಮೇಲೆ ನನ್ನ ದೇಹ ಇಷ್ಟು ವರ್ಷ ನಂಬಿಕೊಂಡಿದ್ದ ಈ ವಿಂಗಡಣೆ ತಲೆಕೆಳಗಾಯಿತು. ಆ ವಾದ್ಯದಲ್ಲಿ ಬ್ಲೂಸ್‌ನ ಜೀವಸ್ವರಗಳೆಲ್ಲ ಇರುವುದು ಒಳಗೆಳೆಯುವ ಉಸಿರಿನಲ್ಲಿ. ಹಾಡುಗಾರ ಮುಚ್ಚಿಡುವ ಉಸಿರೇ ಅಲ್ಲಿ ಹಾಡುತ್ತದೆ. ಗಿಟಾರ್ ನುಡಿಸುತ್ತ ಹಾಡುವ ಯಾರಾದರೂ ಈ ಪುಟ್ಟ ವಾದ್ಯದ ಬಗ್ಗೆ ಕೇಳಿದರೆ ನಾನು ಮೊದಲು ಹೇಳುವ ಮಾತು ಇದು.

ನಮ್ಮ ಅಂಗಡಿಗಳಲ್ಲಿ ಮೌತ್ ಆರ್ಗನ್ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಎರಡು ಸಾಲು ರಂಧ್ರಗಳಿರುವ ಉದ್ದನೆಯ ವಾದ್ಯ. ಒಂದೇ ಸ್ವರಕ್ಕೆ ಎರಡು ರೀಡುಗಳನ್ನು (ಗಾಳಿಗೆ ಕಂಪಿಸಿ ನುಡಿಯುವ ಲೋಹದ ಪಟ್ಟಿಗಳನ್ನು) ತುಸು ಹೆಚ್ಚುಕಡಿಮೆ ಶ್ರುತಿ ಮಾಡಿರುವುದರಿಂದ ಅದರ ನಾದ ಸದಾ ಕಂಪಿಸುತ್ತಿರುತ್ತದೆ. ಕೇಳಲು ಹಿತ, ಆದರೆ ಬ್ಲೂಸ್‌ಗೆ ಅದು ಒದಗುವುದಿಲ್ಲ. ಬ್ಲೂಸ್‌ನವರು ಹಾರ್ಪ್ ಎಂದು ಕರೆಯುವ ವಾದ್ಯ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. 10 ರಂಧ್ರಗಳು, 20 ರೀಡುಗಳು; ಪ್ರತಿ ರಂಧ್ರದಲ್ಲಿ ಊದಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಜರ್ಮನಿಯ ಟ್ರೋಸಿಂಗನ್ ಊರಿನಲ್ಲಿ ಗಡಿಯಾರ ಮಾಡುತ್ತಿದ್ದ ಮಥಿಯಾಸ್ ಹೋಹ್ನರ್ 1857ರಲ್ಲಿ ಹಾರ್ಮೋನಿಕಾ ತಯಾರಿಕೆಗೆ ಇಳಿದರು. ಅವರ ಕಂಪನಿಯ ಮರೀನ್ ಬ್ಯಾಂಡ್ ಎಂಬ ಮಾದರಿ 1896ರಲ್ಲಿ ಬಂತು, ಇಂದಿಗೂ ಮಾರಾಟದಲ್ಲಿದೆ. ಅಗ್ಗದ ಬೆಲೆಗೆ ಹಡಗೇರಿ ಅಮೆರಿಕಕ್ಕೆ ಹೋದ ಈ ವಾದ್ಯ ಹತ್ತಿ ಹೊಲಗಳಲ್ಲಿ, ರೈಲುಹಳಿಗಳ ಮೇಲೆ ದುಡಿಯುತ್ತಿದ್ದ ಕಪ್ಪು ಜನರ ಜೇಬು ಸೇರಿತು. ಅಲ್ಲಿ ಅದಕ್ಕೆ ಆದದ್ದು, ನನ್ನ ಮಟ್ಟಿಗೆ, ಸಂಗೀತ ಚರಿತ್ರೆಯ ಅತ್ಯಂತ ಸೊಗಸಾದ ಮರುಹುಟ್ಟುಗಳಲ್ಲೊಂದು.

ಅದೇನೆಂದು ವಿವರಿಸಲು ಕರ್ನಾಟಕ ಸಂಗೀತದ ಪರಿಭಾಷೆಯಷ್ಟು ಅನುಕೂಲವಾದದ್ದು ನನಗೆ ಬೇರೆ ಸಿಕ್ಕಿಲ್ಲ. ಸಿ ಹಾರ್ಪನ್ನು, ಅಂದರೆ ಪಾಶ್ಚಾತ್ಯರ ಸಿ ಸ್ವರವೇ ಷಡ್ಜವಾಗಿರುವ ಹಾರ್ಪನ್ನು ತೆಗೆದುಕೊಳ್ಳಿ. ಊದಿದರೆ ಕೆಳಗಿನಿಂದ ಮೇಲಿನವರೆಗೆ ಬರೀ ಸ ಗ ಪ, ಸ ಗ ಪ. ಎಳೆದರೆ ಕ್ರಮವಾಗಿ ರಿ ಪ ನಿ ರಿ ಮ ದ ನಿ ರಿ ಮ ದ. ನಾಲ್ಕನೆಯ ರಂಧ್ರದಿಂದ ಏಳನೆಯದರವರೆಗೆ ಊದುತ್ತ ಎಳೆಯುತ್ತ ಹೋದರೆ ಶಂಕರಾಭರಣದ ಪೂರ್ತಿ ಆರೋಹಣ ಸಿಗುತ್ತದೆ. ಜರ್ಮನಿಯ ಜನಪದ ಧಾಟಿಗಳಿಗೆ ಅಷ್ಟು ಸಾಕಾಗಿತ್ತು, ವಾದ್ಯ ಮಾಡಿದವರ ಉದ್ದೇಶವೂ ಅದೇ. ಕಪ್ಪು ಸಂಗೀತಗಾರರು ಆ ಹಾರ್ಪಿನ ಷಡ್ಜವನ್ನು ಬಿಟ್ಟು ಪಂಚಮವನ್ನು ಷಡ್ಜ ಮಾಡಿಕೊಂಡರು. ನಮ್ಮಲ್ಲಿ ಗ್ರಹಭೇದ ಎನ್ನುವುದು ಇದನ್ನೇ. ಶಂಕರಾಭರಣದ ಪಂಚಮವನ್ನು ಷಡ್ಜವಾಗಿ ಹಿಡಿದರೆ ಹರಿಕಾಂಭೋಜಿ ಬರುತ್ತದೆಂದು ಸಂಗೀತದ ವಿದ್ಯಾರ್ಥಿಗಳು ಪರೀಕ್ಷೆಗೆ ಓದಿರುತ್ತಾರೆ. ಹಾಗೆ ಸಿ ಹಾರ್ಪಿನ ಮೇಲೆ ಜಿ ಶ್ರುತಿಯಲ್ಲಿ ನುಡಿಸುವ ಕ್ರಮಕ್ಕೆ ಕ್ರಾಸ್ ಹಾರ್ಪ್ ಅಥವಾ ಸೆಕೆಂಡ್ ಪೊಸಿಷನ್ ಎಂದು ಹೆಸರು.

ಈ ಒಂದು ತಿರುವಿನಿಂದ ವಾದ್ಯದ ಉಸಿರೇ ಬದಲಾಯಿತು. ಹೊಸ ಷಡ್ಜ ಎರಡನೆಯ ರಂಧ್ರದ ಎಳೆತದಲ್ಲಿದೆ. ಮೂರನೆಯದರ ಎಳೆತ ಗಾಂಧಾರ, ನಾಲ್ಕನೆಯದು ಪಂಚಮ, ಐದನೆಯದು ಕೈಶಿಕಿ ನಿಷಾದ, ಅಂದರೆ ಎರಡು ನಿಷಾದಗಳಲ್ಲಿ ಕೆಳಗಿನದು. ನಾಲ್ಕನ್ನೂ ಒಟ್ಟಿಗೆ ಎಳೆದರೆ ಗಿಟಾರಿನವರಿಗೆ ಚಿರಪರಿಚಿತವಾದ ಜಿ ಸೆವೆನ್ ಕಾರ್ಡ್. ಆ ಕಾರ್ಡಿಲ್ಲದೆ ಬ್ಲೂಸ್ ಇಲ್ಲ. ಮನೆ ಸ್ವರ, ಅಳುವ ಸ್ವರ, ಕಾಡುವ ಸ್ವರ ಎಲ್ಲವೂ ಒಳಗೆಳೆಯುವ ಕಡೆಗೆ ಬಂದವು. ಊದುವ ಕಡೆಗೆ ಉಳಿದದ್ದು ಮಧ್ಯಮದ ಕಾರ್ಡ್. ಹಾಡು ಅಲ್ಲಿಗೆ ಹೋಗಿ ಒಂದಿಷ್ಟು ಹೊತ್ತಿದ್ದು ಹಿಂದಿರುಗುತ್ತದೆ.

ಗಿಟಾರಿನವರಿಗೆ ಇಲ್ಲಿ ಒಂದು ಲೆಕ್ಕ ಬಾಯಿಪಾಠವಾಗಬೇಕು: ಹಾಡಿನ ಮಧ್ಯಮ ಯಾವುದೋ ಅದೇ ಹಾರ್ಪಿನ ಹೆಸರು. ಇ ಶ್ರುತಿಯ ಹಾಡಿಗೆ ಎ ಹಾರ್ಪ್, ಎ ಶ್ರುತಿಯ ಹಾಡಿಗೆ ಡಿ ಹಾರ್ಪ್, ಜಿ ಹಾಡಿಗೆ ಸಿ. ಶ್ರುತಿ ಏರಿಸಲು ಗಿಟಾರಿನ ಕತ್ತಿಗೆ ಬಿಗಿಯುವ ಕ್ಯಾಪೊ ಹಾಕಿದಾಗ ಬೆರಳಿನ ಆಕಾರವನ್ನು ನೋಡದೆ ಕೇಳಿಸುವ ಶ್ರುತಿಯನ್ನು ಹಿಡಿಯಬೇಕು. ಮೂರನೆಯ ಫ್ರೆಟ್‌ನಲ್ಲಿ ಕ್ಯಾಪೊ ಇಟ್ಟು ಇ ಆಕಾರ ಹಿಡಿದರೆ ಕೇಳಿಸುವುದು ಜಿ, ಬೇಕಾದದ್ದು ಸಿ ಹಾರ್ಪ್. ಹೊಸಬರಿಗೆ ಎಲ್ಲರೂ ಸಿ ಹಾರ್ಪ್ ಕೊಳ್ಳಲು ಹೇಳುತ್ತಾರೆ. ಗಿಟಾರ್ ನುಡಿಸುವವರಿಗೆ ನಾನು ಎ ಹಾರ್ಪನ್ನೇ ಹೇಳುತ್ತೇನೆ. ಬಿಡಿ ತಂತಿಗಳು ಗುಂಯ್‌ಗುಡುವ ಇ ಶ್ರುತಿಯಲ್ಲೇ ಗಿಟಾರಿನ ಬ್ಲೂಸ್ ಬೆಳೆದಿದೆ, ಎ ಹಾರ್ಪಿನ ನಾದವೂ ಸಿ ಹಾರ್ಪಿಗಿಂತ ಒಂದಿಷ್ಟು ದಪ್ಪ, ಗಂಟಲಿಗೆ ಹತ್ತಿರ.

ಗಿಟಾರಿನ ಅಭ್ಯಾಸ ನೆರವಾಗುವುದು ಸುಮಾರು ಇಲ್ಲಿಯವರೆಗೆ. ಕಾರ್ಡುಗಳ ಓಟ, ಹನ್ನೆರಡು ಬಾರುಗಳ (ನಮ್ಮ ಆವರ್ತಗಳಂಥ ತಾಳದ ಅಳತೆಗಳ) ಚೌಕಟ್ಟು, ತಾಳ ಎಲ್ಲ ಮೊದಲೇ ಮೈಗೂಡಿರುತ್ತವೆ. ಆದರೆ ಫ್ರೆಟ್‌ಬೋರ್ಡಿನಲ್ಲಿ ಸ್ವರ ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ, ಹಾರ್ಪಿನಲ್ಲಿ ಕಾಣುವುದೇ ಇಲ್ಲ. ತುಟಿಯ ಕೆಳಗೆ ಯಾವ ರಂಧ್ರವಿದೆ ಎನ್ನುವುದನ್ನು ಕಿವಿಯೇ ಹೇಳಬೇಕು. ಇನ್ನೊಂದು ವ್ಯತ್ಯಾಸ ಬೆರಳುಗಳನ್ನೇ ಗೊಂದಲಕ್ಕೆ ದೂಡುವಂಥದ್ದು. ಗಿಟಾರಿನಲ್ಲಿ ತಂತಿಯನ್ನು ಬದಿಗೆ ತಳ್ಳಿದರೆ ಸ್ವರ ಏರುತ್ತದೆ; ಬೆಂಡ್ ಎಂದರೆ ಮೇಲಕ್ಕೆ ಎಂದು ಅಂಗೈಯ ನರಗಳಿಗೂ ಗೊತ್ತು. ಹಾರ್ಪಿನಲ್ಲಿ ಬೆಂಡ್ ಮಾಡಿದರೆ ಸ್ವರ ಇಳಿಯುತ್ತದೆ, ಏರುವುದಿಲ್ಲ. ಗಿಟಾರಿನಲ್ಲಿ ಕೆಳಗಿನಿಂದ ಹತ್ತಿ ಮುಟ್ಟುತ್ತಿದ್ದ ಗಾಂಧಾರಕ್ಕೆ ಇಲ್ಲಿ ಮೇಲಿನಿಂದ ಜಾರಿ ಬರಬೇಕು. ಒಂದೇ ಪಲುಕು ಎರಡು ವಾದ್ಯಗಳಲ್ಲಿ ಎರಡು ಬೇರೆ ಭಾವವಾಗಿ ಬರುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ: ಗಿಟಾರ್ ಸ್ವರವನ್ನು ಬೇಡುತ್ತದೆ, ಹಾರ್ಪ್ ಅದನ್ನು ಬಿಟ್ಟುಕೊಡುತ್ತದೆ.

ಬೆಂಡ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ವಾದ್ಯದ ಆತ್ಮ ಇರುವುದು ಅಲ್ಲೇ. ಸಿ ಹಾರ್ಪಿನ ಮೂರನೆಯ ರಂಧ್ರವನ್ನು ನೋಡಿ. ಊದುವ ರೀಡು ಜಿ, ಎಳೆಯುವ ರೀಡು ಬಿ. ನಡುವೆ ಮೂರು ಸ್ವರಸ್ಥಾನಗಳು ವಾದ್ಯದಲ್ಲಿ ಇಲ್ಲವೇ ಇಲ್ಲ. ಎಳೆಯುವಾಗ ಬಾಯೊಳಗಿನ ಜಾಗವನ್ನು ಹಿಗ್ಗಿಸಿ, ನಾಲಗೆಯ ಬೆನ್ನನ್ನು ಹಿಂದಕ್ಕೆ ಸರಿಸಿದರೆ ಎಳೆಯುವ ರೀಡು ತನ್ನ ಶ್ರುತಿಯಿಂದ ಇಳಿಯತೊಡಗುತ್ತದೆ; ಅದೇ ಮನೆಯಲ್ಲಿ ಸುಮ್ಮನಿದ್ದ ಊದುವ ರೀಡು ಮೆಲ್ಲಗೆ ದನಿಗೂಡಿಸುತ್ತದೆ. ಎರಡೂ ಸೇರಿ ಆ ಇಲ್ಲದ ಮೂರು ಸ್ವರಗಳನ್ನು ಹುಟ್ಟಿಸುತ್ತವೆ. ಕ್ರಾಸ್ ಹಾರ್ಪಿನ ಲೆಕ್ಕದಲ್ಲಿ ಅಂತರ ಗಾಂಧಾರದಿಂದ ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ಶುದ್ಧ ರಿಷಭದವರೆಗೆ ಒಂದೇ ರಂಧ್ರದಲ್ಲಿ, ಒಂದೇ ಉಸಿರಿನಲ್ಲಿ. ಎರಡನೆಯ ರಂಧ್ರದಲ್ಲಿ ಷಡ್ಜದಿಂದ ಕೆಳಗಿನ ಎರಡೂ ನಿಷಾದಗಳು, ನಾಲ್ಕನೆಯದರಲ್ಲಿ ಪಂಚಮದಿಂದ ಪ್ರತಿ ಮಧ್ಯಮ.

ಇದನ್ನು ಜೋರಾಗಿ ಹೀರಿ ಸಾಧಿಸಲಾಗುವುದಿಲ್ಲ. ಬಲ ಹಾಕಿದಷ್ಟೂ ರೀಡು ಕಟ್ಟಿಕೊಳ್ಳುತ್ತದೆ. ಹೊಟ್ಟೆಯಿಂದ ನಿಧಾನವಾಗಿ ಉಸಿರೆಳೆಯುತ್ತ ಬಾಯೊಳಗೆ "ಈ" ಇಂದ "ಊ" ಕಡೆಗೆ ಆಕಾರ ಬದಲಿಸಬೇಕು. ಸ್ವರವನ್ನು ಕೈಯಿಂದ ಅಲ್ಲ, ಮನಸ್ಸಿನಲ್ಲಿ ಹಾಡಿಕೊಂಡು ಇಳಿಸಬೇಕು. ಹಾಡುಗಾರರ ಪುಣ್ಯ ಕೆಲಸ ಮಾಡುವುದು ಇಲ್ಲಿ. ಗಮಕ ಹಾಡಿದ ಗಂಟಲಿಗೆ ಎರಡು ಸ್ವರಗಳ ನಡುವಿನ ದಾರಿ ಗೊತ್ತಿರುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಮುಟ್ಟಿ ಹಿಂದಿರುಗಬೇಕು ಎನ್ನುವುದು ತಿಳಿದಿರುತ್ತದೆ. ಗಿಟಾರ್ ಮಾತ್ರ ಬಲ್ಲ ಗೆಳೆಯರು ತಿಂಗಳುಗಟ್ಟಲೆ ಹುಡುಕುವ ಸಾಧಾರಣ ಗಾಂಧಾರ, ಮೊದಲು ಬಾಯಿಬಿಟ್ಟು ಹಾಡಿ ಆಮೇಲೆ ಎಳೆದರೆ ತಾನಾಗಿ ಬರುವುದನ್ನು ಕಂಡಿದ್ದೇನೆ. ಯಾವ ಪಲುಕನ್ನೇ ಆಗಲಿ ನಾನು ಮೊದಲು ಹಾಡಿಯೇ ನುಡಿಸುವುದು.

ನನ್ನ ಸಂಗೀತದ ಮೇಡಂ ಕೀರ್ತನೆಗಳ ಪ್ರಪಂಚದವರು, ಬ್ಲೂಸ್ ಅವರ ದಾರಿಯಲ್ಲ. ಒಮ್ಮೆ ಪಾಠ ಮುಗಿದ ಮೇಲೆ ಮೂರನೆಯ ರಂಧ್ರದ ಬೆಂಡ್ ಕೇಳಿಸಿದೆ. ತಂಬೂರಿ ಇನ್ನೂ ನುಡಿಯುತ್ತಿತ್ತು. ಅವರು ಕಣ್ಣುಮುಚ್ಚಿ ಕೇಳಿ, "ಇನ್ನೊಂದು ಸಲ ಎಳಿ, ಅಲ್ಲೇ ನಿಲ್ಲಿಸು" ಎಂದರು. ನಿಲ್ಲಿಸಿದೆ. ಅವರು ತಾವೇ ಮೆಲುದನಿಯಲ್ಲಿ ಅಂತರ ಗಾಂಧಾರ ಹಾಡಿ ನೋಡಿದರು, ಸಾಧಾರಣಕ್ಕೆ ಇಳಿದರು, ಮತ್ತೆ ಒಂದೆಳೆ ಏರಿಸಿದರು. "ಇದು ಎರಡೂ ಅಲ್ಲವಲ್ಲ, ಎರಡರ ನಡುವೆ ಕೂತಿದೆ. ಅವರಿಗೆ ಇದು ಹೀಗೇ ಬೇಕೇನು?" ಹೌದು ಮೇಡಂ, ಹೀಗೇ ಬೇಕು ಎಂದೆ. "ಹಾಗಾದರೆ ಅದನ್ನು ಅಲ್ಲಾಡಿಸಬೇಡ. ಇರುವಷ್ಟು ಹೊತ್ತು ಅಲ್ಲೇ ಇರಲಿ" ಎಂದರು. ಬ್ಲೂಸ್‌ನವರು ಬ್ಲೂ ನೋಟ್ ಎನ್ನುವ ಆ ಗಾಂಧಾರದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಇಲ್ಲಿ ಹಾರ್ಮೋನಿಯಂ ನೆನಪಾಗದೆ ಇರದು. ಅದೂ ಹಾರ್ಪಿನ ಹಾಗೆ ರೀಡುಗಳ ವಾದ್ಯವೇ. ಕಂಪನಿ ನಾಟಕಗಳಿಂದ ಭಜನಾ ಮಂದಿರಗಳವರೆಗೆ ನಮ್ಮ ನಾಡಿನಲ್ಲಿ ಅದು ಬೆರೆತುಹೋಗಿದೆ. ಆದರೂ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ದೂರ ಇಟ್ಟಿತ್ತು. ಗಮಕ ಬಾರದು, ಶ್ರುತಿ ಬಾಗದು ಎನ್ನುವುದು ಅದರ ಮೇಲಿದ್ದ ದೊಡ್ಡ ಆಕ್ಷೇಪ. ತಿದಿಗೂ ರೀಡಿಗೂ ನಡುವೆ ಮನುಷ್ಯನ ಬಾಯಿ ಇಲ್ಲದ್ದರಿಂದ ಆ ರೀಡು ತನ್ನ ಸ್ಥಾನ ಬಿಟ್ಟು ಕದಲುವುದಿಲ್ಲ. ಅದೇ ಹಿತ್ತಾಳೆಯ ರೀಡನ್ನು ತುಟಿಗೆ ತಂದು, ಒಂದು ಮನೆಯಲ್ಲಿ ಎರಡನ್ನು ಕೂರಿಸಿ, ಗಂಟಲಿಗೆ ನೇರವಾಗಿ ಜೋಡಿಸಿದರೆ ಅದು ಕೊರಳಿನಂತೆಯೇ ಬಾಗುತ್ತದೆ. ಟ್ರೋಸಿಂಗನ್ನಿನ ಕಾರ್ಖಾನೆಯವರು ಇದನ್ನು ಯೋಜಿಸಿ ಇಟ್ಟಿರಲಿಲ್ಲ. ಹಾಡಿನ ಹಸಿವಿದ್ದವರು ವಾದ್ಯದೊಳಗಿಂದ ಅದನ್ನು ಹೊರತೆಗೆದರು.

ಈ ಹೊರತೆಗೆಯುವಿಕೆ ನಡೆದದ್ದು ಹಾಡಿನ ಪಕ್ಕದಲ್ಲೇ. ಜಾರ್ಜಿಯಾದಲ್ಲಿ 1911ರಲ್ಲಿ ಹುಟ್ಟಿದ ಸನ್ನಿ ಟೆರಿ ಎಳೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು. 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ನುಡಿಸಿದರು. ಎರಡು ಎಳೆತಗಳ ನಡುವೆ ಅವರು ಹಾರ್ಪನ್ನು ತುಟಿಯಿಂದ ಕೂದಲೆಳೆಯಷ್ಟು ಸರಿಸಿ ಎತ್ತರದ ದನಿಯಲ್ಲಿ ಕೂಗುತ್ತಾರೆ. ಎಲ್ಲಿ ಕೊರಳು ಮುಗಿದು ಎಲ್ಲಿ ರೀಡು ಶುರುವಾಯಿತೆಂದು ಗುರುತಿಸಲಾಗದು. ಹೊಲದಲ್ಲಿ ಒಬ್ಬರು ಕೂಗಿ ಇನ್ನೊಬ್ಬರು ಓಗೊಡುತ್ತಿದ್ದ ಪದ್ಧತಿ ಒಬ್ಬನೇ ಮನುಷ್ಯನೊಳಗೆ ನಡೆಯುತ್ತಿರುತ್ತದೆ. ಜಾನ್ ಲೀ ವಿಲಿಯಮ್ಸನ್ 1937ರಿಂದ ಧ್ವನಿಮುದ್ರಿಸಿದ ಹಾಡುಗಳಲ್ಲಿ ಹಾರ್ಪ್ ಪಕ್ಕವಾದ್ಯದ ಜಾಗ ಬಿಟ್ಟು ಮುಂದೆ ಬಂತು. ಸನ್ನಿ ಬಾಯ್ ಎಂದು ಹೆಸರಾಗಿದ್ದ ಅವರು 1948ರಲ್ಲಿ ಷಿಕಾಗೊದಲ್ಲಿ ಹಲ್ಲೆಗೊಳಗಾಗಿ 34ನೆಯ ವಯಸ್ಸಿಗೇ ತೀರಿಕೊಂಡರು. ಅದೇ ಹೆಸರನ್ನು ತಾನೂ ಇಟ್ಟುಕೊಂಡ ರೈಸ್ ಮಿಲ್ಲರ್, ಅರ್ಕಾನ್ಸಾದ ಹೆಲೆನಾ ಊರಿನ ಕೆಎಫ್‌ಎಫ್‌ಎ ರೇಡಿಯೊದಲ್ಲಿ 1941ರಿಂದ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ನುಡಿಸುತ್ತಿದ್ದರು. ಅದನ್ನು ಕೇಳಿ ಕೇಳಿಯೇ ಜೇಮ್ಸ್ ಕಾಟನ್ ಎಂಬ ಹುಡುಗ ಹಾರ್ಪ್ ಹಿಡಿದು ಅವರಲ್ಲಿಗೆ ಕಲಿಯಲು ಹೋದ. ಮಿಲ್ಲರ್ ನನ್ನ ಅಚ್ಚುಮೆಚ್ಚು. ಒಂದು ಸಾಲು ಹಾಡುತ್ತಾರೆ, ಕೊನೆಯ ಮಾತನ್ನು ಬಾಯಲ್ಲೇ ತಡೆದು ಹಾರ್ಪಿಗೆ ಕೊಡುತ್ತಾರೆ. ಎರಡೇ ಸ್ವರ. ಕೇಳುವವರಿಗೆ ಆ ಮಾತು ಕೇಳಿಸಿರುತ್ತದೆ.

ಇವರನ್ನು ಕೇಳುತ್ತ, ಕತ್ತಿಗೆ ಹಾರ್ಪ್ ಹಿಡಿದಿಡುವ ರ‍್ಯಾಕ್ ಸಿಕ್ಕಿಸಿಕೊಂಡು ಗಿಟಾರಿನೊಡನೆ ಹಾಡತೊಡಗಿದಾಗ ನನಗೆ ಕಂಡದ್ದು ಈ ಬರಹಕ್ಕೆ ಕಾರಣವಾದ ಸಂಗತಿ. ಬ್ಲೂಸ್ ಪದ್ಯದಲ್ಲಿ ಮೂರು ಸಾಲು: ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಪ್ರತಿ ಸಾಲಿಗೆ ನಾಲ್ಕು ಬಾರುಗಳಂತೆ ಒಟ್ಟು ಹನ್ನೆರಡು. ಆ ನಾಲ್ಕರಲ್ಲಿ ಮಾತು ಸುಮಾರು ಅರ್ಧ ಜಾಗ ಮಾತ್ರ ತೆಗೆದುಕೊಳ್ಳುತ್ತದೆ, ಉಳಿದರ್ಧ ವಾದ್ಯದ್ದು. ಈಗ ಉಸಿರಿನ ಕಡೆಯಿಂದ ನೋಡಿ. ಸಾಲು ಹಾಡಿ ಮುಗಿಸಿದಾಗ ಎದೆ ಖಾಲಿಯಾಗಿರುತ್ತದೆ. ಬೇಕಾಗಿರುವುದು ಗಾಳಿ. ಹಾರ್ಪಿನ ಉತ್ತರವಿರುವುದು ಎಳೆತದ ಸ್ವರಗಳಲ್ಲಿ. ಹಾಡಿಗೆ ಓಗೊಡುತ್ತಲೇ ಎದೆ ತುಂಬಿಕೊಳ್ಳುತ್ತದೆ. ಉತ್ತರ ಮುಗಿಯುವ ಹೊತ್ತಿಗೆ ಮುಂದಿನ ಸಾಲಿಗೆ ಬೇಕಾದ ಉಸಿರು ಒಳಗೆ ಸಿದ್ಧ. ಬೀಸುವ ಕಲ್ಲಿನ ಸುತ್ತು ಹೇಗೆ ತಡೆಯಿಲ್ಲದೆ ಒಂದರೊಳಗೊಂದು ಸೇರುತ್ತದೆಯೋ ಹಾಗೆ ಹಾಡು ಮತ್ತು ಹಾರ್ಪ್ ಒಂದರ ಹಿಂದೊಂದು ತಿರುಗುತ್ತವೆ. ಪಂಚಮವನ್ನು ಷಡ್ಜ ಮಾಡಿಕೊಂಡ ಆ ಹಳೆಯ ಆಯ್ಕೆಯಲ್ಲಿ ಕಿವಿಗೆ ಬೇಕಾದ ನಿಷಾದವಷ್ಟೇ ಅಲ್ಲದೆ ಹಾಡುವ ಎದೆಗೆ ಬೇಕಾದ ಗಾಳಿಯೂ ಇತ್ತು. ಹಾರ್ಪನ್ನು ಊದುವ ಕಡೆಯಿಂದಲೇ, ಅಂದರೆ ಶಂಕರಾಭರಣದ ರೀತಿಯಲ್ಲಿ ನುಡಿಸುತ್ತ ಹಾಡಿ ನೋಡಿದರೆ ವ್ಯತ್ಯಾಸ ಕೂಡಲೇ ಮೈಗೆ ತಿಳಿಯುತ್ತದೆ. ಸಾಲಿಗೂ ಉಸಿರು ಹೊರಗೆ, ಉತ್ತರಕ್ಕೂ ಹೊರಗೆ. ಉಸಿರೆಳೆದುಕೊಳ್ಳಲು ಎಲ್ಲಾದರೂ ಬಿಡುವು ಮಾಡಿಕೊಳ್ಳಲೇಬೇಕು.

ತೊಡಕು ಇಲ್ಲವೆಂದಲ್ಲ. ಉತ್ತರ ಉದ್ದವಾದರೆ ಎದೆ ಬಿರಿಯುವಷ್ಟು ತುಂಬಿಬಿಡುತ್ತದೆ, ಆಗ ಹಾಡಿನ ಮೊದಲ ಪದ ಸಿಡಿದಂತೆ ಹೊರಬರುತ್ತದೆ. ಅದಕ್ಕೆಂದೇ ನಾಲ್ಕನೆಯ ಮತ್ತು ಆರನೆಯ ರಂಧ್ರದ ಊದುಸ್ವರಗಳನ್ನು ನಡುವೆ ಬಳಸಬೇಕು, ಅಥವಾ ಮೂಗಿನಿಂದ ಮೆಲ್ಲಗೆ ಬಿಡಬೇಕು. ನನಗೆ ಹೆಚ್ಚು ಇಷ್ಟವಾದ ಪರಿಹಾರ ಉತ್ತರವನ್ನೇ ಚಿಕ್ಕದು ಮಾಡುವುದು. ಗಿಟಾರಿನಲ್ಲಿ ಬೆರಳು ದಣಿಯುವವರೆಗೂ ನುಡಿಸುತ್ತ ಹೋಗಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಹಾರ್ಪ್ ಉಸಿರಿನಷ್ಟೇ ಮಾತಾಡಲು ಬಿಡುತ್ತದೆ. ಹಾರ್ಪ್ ಕಲಿತ ಮೇಲೆ ನನ್ನ ಗಿಟಾರಿನ ಪಲುಕುಗಳೂ ಗಿಡ್ಡವಾಗಿವೆ. ಉಸಿರು ಮುಗಿಯುವಲ್ಲಿ ಬೆರಳೂ ನಿಲ್ಲುತ್ತದೆ. ಗೆಳೆಯರು ಅದನ್ನು ಮೊದಲು ಗಮನಿಸಿದರು.

ರ‍್ಯಾಕ್ ಹಾಕಿದಾಗ ಕಳೆದುಕೊಳ್ಳುವುದೂ ಉಂಟು. ಕೈಗಳೆರಡೂ ಗಿಟಾರಿನ ಮೇಲಿರುತ್ತವೆ, ಹಾರ್ಪನ್ನು ಅಂಗೈಯಿಂದ ಮುಚ್ಚಿ ತೆರೆದು ಮಾತಾಡಿಸುವ ಆ ಸುಂದರ ಉಪಾಯಕ್ಕೆ ಅವಕಾಶವಿಲ್ಲ. ಲಿಟ್ಲ್ ವಾಲ್ಟರ್ ಮೈಕನ್ನೂ ಹಾರ್ಪನ್ನೂ ಒಂದೇ ಬೊಗಸೆಯಲ್ಲಿ ಬಿಗಿಹಿಡಿದು ಆಂಪ್ಲಿಫೈಯರ್ ಮೂಲಕ ತಂದ ಆ ಘನವಾದ, ಸ್ಯಾಕ್ಸೊಫೋನಿಗೆ ಸಮನಾದ ನಾದ ರ‍್ಯಾಕಿನಲ್ಲಿ ಬಾರದು. 1952ರಲ್ಲಿ, 22ನೆಯ ವಯಸ್ಸಿನಲ್ಲಿ ಅವರು ಧ್ವನಿಮುದ್ರಿಸಿದ ಜೂಕ್ ಎಂಬ ಮಾತಿಲ್ಲದ ಹಾರ್ಪ್ ತುಣುಕು ಬಿಲ್‌ಬೋರ್ಡಿನ ಆರ್ ಅಂಡ್ ಬಿ ಪಟ್ಟಿಯ ತುದಿಯಲ್ಲಿ 8 ವಾರ ನಿಂತಿತ್ತು. ಅದನ್ನು ನಾನು ಕೇಳುವುದು ಬೇರೆಯದೇ ವಾದ್ಯವೆಂಬಂತೆ. ನನ್ನ ಗುರು ಜಿಮ್ಮಿ ರೀಡ್. ಮಿಸಿಸಿಪ್ಪಿಯಲ್ಲಿ 1925ರಲ್ಲಿ ಹುಟ್ಟಿದ ಅವರು ಕತ್ತಿನಲ್ಲಿ ರ‍್ಯಾಕ್, ಕೈಯಲ್ಲಿ ಗಿಟಾರ್, ಪಕ್ಕದಲ್ಲಿ ಗೆಳೆಯ ಎಡ್ಡಿ ಟೇಲರ್ ಅವರ ಇನ್ನೊಂದು ಗಿಟಾರ್ ಇಟ್ಟುಕೊಂಡು ಅವಸರವೇ ಇಲ್ಲದೆ ಹಾಡಿದರು. ಎಷ್ಟೋ ಸಲ ಅವರು ಹಾರ್ಪಿನ ಮೇಲ್ತುದಿಯ ಎಂಟು, ಒಂಬತ್ತು, ಹತ್ತನೆಯ ರಂಧ್ರಗಳನ್ನು ಊದಿ ಬೆಂಡ್ ಮಾಡುತ್ತಾರೆ. ಬೆಂಡ್ ಊದಿದಾಗ ಬರುವುದು ಆ ಮೂರರಲ್ಲಿ ಮಾತ್ರ. ಚೂಪಾದ, ಒಂಟಿಯಾದ ಸ್ವರಗಳು. ಕೈಯ ನೆರವಿಲ್ಲದೆ ಎಷ್ಟು ಹೇಳಬಹುದೆಂದು ತಿಳಿಯಲು ಅವರ ಒಂದು ಹಾಡು ಸಾಕು.

ವಾದ್ಯದ ಬಾಳಿಕೆಯ ಬಗ್ಗೆ ಎರಡು ಮಾತು. ಮರೀನ್ ಬ್ಯಾಂಡಿನ ನಡುವಿನ ಹಲಗೆ ಪೇರ್ ಮರದ್ದು. ಬಾಯಿಯ ತೇವಕ್ಕೆ ಉಬ್ಬಿ ತುಟಿ ಕೊರೆಯುವುದುಂಟು; ತುಂಬ ಹೊತ್ತು ಅಭ್ಯಾಸ ಮಾಡುವವರಿಗೆ ಪ್ಲಾಸ್ಟಿಕ್ ಹಲಗೆಯ ಸ್ಪೆಷಲ್ ಟ್ವೆಂಟಿ ಎಂಬ ಮಾದರಿ ವಾಸಿ. ಬೆಂಡ್ ಮಾಡಿ ಮಾಡಿ ರೀಡು ದಣಿದು ಶ್ರುತಿ ಇಳಿಯುತ್ತದೆ, ಆಗ ಬೇರೆಯದು ಕೊಳ್ಳಬೇಕು ಇಲ್ಲವೇ ರೀಡು ಬದಲಿಸಬೇಕು. ಎರಡನೆಯ ರಂಧ್ರವನ್ನು ಎಳೆದಾಗ ಸದ್ದೇ ಬಾರದೆ ಗಾಳಿ ಸೋರಿದಂತಾದರೆ ವಾದ್ಯ ಕೆಟ್ಟಿದೆಯೆಂದು ಹೊಸಬರು ಅಂಗಡಿಗೆ ಮರಳುತ್ತಾರೆ. ಬಾಯಿ ಬಿಗಿಯಾಗಿದ್ದರೆ ಹಾಗಾಗುತ್ತದೆ. ಆಕಳಿಸುವಾಗಿನಂತೆ ಗಂಟಲು ತೆರೆದರೆ ಷಡ್ಜ ಸರಿಯಾಗಿ ನಿಲ್ಲುತ್ತದೆ.

ಈಗ ನಾನು ಬಿದ್ದಿರುವುದು ಥರ್ಡ್ ಪೊಸಿಷನ್ ಹಿಂದೆ. ಹಾರ್ಪಿನ ರಿಷಭವನ್ನು ಷಡ್ಜ ಮಾಡಿಕೊಳ್ಳುವ ಕ್ರಮ ಅದು. ನಮ್ಮ ಲೆಕ್ಕದಲ್ಲಿ ಖರಹರಪ್ರಿಯ. ಲಿಟ್ಲ್ ವಾಲ್ಟರ್ ಇದನ್ನು ಪ್ರೀತಿಯಿಂದ ಬಳಸಿದ್ದಾರೆ. ಗಾಂಧಾರ ಇಲ್ಲಿ ಬೆಂಡ್ ಇಲ್ಲದೆಯೇ ಸಾಧಾರಣ, ಎ ಮೈನರ್ ಹಾಡಿಗೆ ಜಿ ಹಾರ್ಪ್ ಹಿಡಿಯಬೇಕು. ನಾಲ್ಕನೆಯ ರಂಧ್ರದ ಎಳೆತ ಇದರಲ್ಲಿ ಷಡ್ಜ, ಐದನೆಯದು ಗಾಂಧಾರ, ಆರನೆಯದು ಪಂಚಮ: ಮೂರೂ ಎಳೆತವೇ. ಹಾಡಿನ ಸಾಲು ಬಿಟ್ಟುಕೊಟ್ಟ ಗಾಳಿಯನ್ನು ಉತ್ತರ ಮರಳಿ ತಂದುಕೊಳ್ಳುವ ವ್ಯವಸ್ಥೆ ಇಲ್ಲಿಯೂ ಹಾಗೇ ಇದೆ. ನಾನು ಬರೆದುಕೊಂಡಿರುವ ಒಂದು ಕನ್ನಡ ಪದ್ಯ ಎ ಮೈನರಿನಲ್ಲಿದೆ, ಮೂರೇ ಸಾಲು, ಮೊದಲ ಎರಡು ಒಂದೇ. ಅದರ ಎರಡನೆಯ ಸಾಲಿನ ಉತ್ತರ ಇನ್ನೂ ಸಿಕ್ಕಿಲ್ಲ. ಮೊದಲನೆಯದನ್ನೇ ಮತ್ತೆ ನುಡಿಸಲು ಮನಸ್ಸಿಲ್ಲ, ಏಕೆಂದರೆ ಮಾತು ಅದೇ ಆದರೂ ಎರಡನೆಯ ಸಲ ಹಾಡುವಾಗ ಕಾರ್ಡ್ ಮಧ್ಯಮಕ್ಕೆ ಹೋಗಿರುತ್ತದೆ, ಹೇಳುವವನಿಗೂ ಆ ಮಾತು ಒಂದಿಷ್ಟು ಹೆಚ್ಚು ಅರ್ಥವಾಗಿರುತ್ತದೆ. ಐದನೆಯ ರಂಧ್ರವನ್ನು ಊದಿ ಶುರುಮಾಡಿ ನಾಲ್ಕನೆಯ ಎಳೆತಕ್ಕೆ ಇಳಿದರೆ ಹೇಗೆ ಎಂದು ಈ ವಾರ ನೋಡುತ್ತಿದ್ದೇನೆ.